ಆಪರೇಷನ್ ಯಾವಾಗ ಎಂದು ಕೇಳುವವರಿಗೆ

ಗದುಗಿನಲ್ಲಿ ಒಂದು ಸುದ್ದಿ ಎಪಿಎಂಸಿ ಗೇಟಿನೊಳಗೆ ಹೊಕ್ಕಿತೆಂದರೆ ಸಂಜೆಯಾಗುವುದರೊಳಗೆ ಬೆಟಗೇರಿಯ ಕೊನೆಯ ಓಣಿ ಮುಟ್ಟುತ್ತದೆ. ನಮ್ಮ ಮನೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂಬ ಸುದ್ದಿಯೂ ಹಾಗೆಯೇ ಮುಟ್ಟಿತು. ಅಂದಿನಿಂದ ಮದುವೆಗೆ ಹೋಗಲಿ, ಕುಬಸಕ್ಕೆ ಹೋಗಲಿ, ಕಿರಾಣಿ ಅಂಗಡಿಯ ಮುಂದೆ ನಿಲ್ಲಲಿ, ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಆಪರೇಷನ್ ಯಾವಾಗ, ಅಕ್ಕೋರೇ?’ ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ, ಸದ್ಯಕ್ಕೆ ಗುಳಿಗೆಯೂ ಇಲ್ಲ, ನಿಗಾ ಇಟ್ಟಿದ್ದೇವೆ ಎಂದರೆ ಕೇಳಿದವರ ಮುಖವೇ ಬದಲಾಗುತ್ತದೆ. ಕೈಮೀರಿ ಹೋಗಿದೆ, ಅದಕ್ಕೇ ಡಾಕ್ಟರು ಮುಟ್ಟುತ್ತಿಲ್ಲ ಎಂದುಕೊಳ್ಳುವವರು ಕೆಲವರು. ದುಡ್ಡಿಗೆ ಹಿಂದೆಮುಂದೆ ನೋಡುತ್ತಿದ್ದಾರೆ ಎಂದುಕೊಳ್ಳುವವರು ಕೆಲವರು. ಎರಡೂ ನಿಜವಲ್ಲ. ನಿಜ ಏನೆಂಬುದು ನಿಂತ ಕಾಲಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವರದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹೆಸರು, ಶೇಂಗಾ. ವಯಸ್ಸು 66. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ಬರೆಯುವುದಾದರೆ ಪೂರ್ತಿ ಬರೆ, ಅರ್ಧಮರ್ಧ ಬೇಡ’ ಎಂದರು.

ಶುರುವಾದದ್ದು ಮೂತ್ರದ ಸೋಂಕಿನಿಂದ. ಚಳಿಜ್ವರ, ಉರಿ, ರಾತ್ರಿಯಿಡೀ ಎದ್ದು ಹೋಗುವುದು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಆ ಪಟ್ಟಿಯಲ್ಲಿ ಪಿಎಸ್‌ಎ ಕೂಡ ಇತ್ತು. ಅದು ಏನು, ಯಾಕೆ ಮಾಡಿಸಬೇಕು ಎಂದು ಯಾರೂ ಹೇಳಲಿಲ್ಲ. ರಿಪೋರ್ಟ್ ಬಂದಾಗ ಉಳಿದೆಲ್ಲ ಸಾಲುಗಳು ತೆಳುವಾಗಿ, ಆ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 11.8. ಪಕ್ಕದಲ್ಲಿ ‘4ಕ್ಕಿಂತ ಕಡಿಮೆ’ ಎಂಬ ಮಿತಿ. ಕೌಂಟರಿನಲ್ಲಿದ್ದ ಹುಡುಗ ಕಾಗದ ಕೊಡುತ್ತಾ, ‘ಇದು ಕ್ಯಾನ್ಸರ್ ಟೆಸ್ಟ್, ಜಾಸ್ತಿ ಬಂದಿದೆ, ಬೇಗ ತೋರಿಸಿ’ ಎಂದ. ಆ ಒಂದು ಮಾತಿಗೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆಗೆ ಬರೆದವರು ಎರಡು ನಿಮಿಷ ಕೂರಿಸಿ ಹೇಳಿದ್ದರೆ ಸಾಕಿತ್ತು ಎಂಬ ನೋವು ಇಂದಿಗೂ ಇದೆ.

ಪಿಎಸ್‌ಎ ಕ್ಯಾನ್ಸರ್ ಪರೀಕ್ಷೆ ಅಲ್ಲ. ಅದು ಪ್ರಾಸ್ಟೇಟ್ ಗ್ರಂಥಿ ಎಂಬ ಅಂಗದ ಪರೀಕ್ಷೆ. ಆ ಗ್ರಂಥಿ ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುತ್ತದೆ. ತಾರುಣ್ಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವೀರ್ಯವನ್ನು ತೆಳುವಾಗಿಡಲು ಅದು ಒಂದು ಪ್ರೋಟೀನ್ ತಯಾರಿಸುತ್ತದೆ. ಅದರ ತುಸು ಭಾಗ ರಕ್ತಕ್ಕೆ ಸೇರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ನ್ಯಾನೊಗ್ರಾಂ ಸೇರಿದೆ ಎಂಬುದೇ ಪಿಎಸ್‌ಎ ಸಂಖ್ಯೆ. ಗ್ರಂಥಿಗೆ ಸೋಂಕಾದರೂ ಏರುತ್ತದೆ, ವಯಸ್ಸಿಗೆ ತಕ್ಕಂತೆ ಗ್ರಂಥಿ ಊದಿದರೂ ಏರುತ್ತದೆ, ಮೂತ್ರಕ್ಕೆ ಪೈಪ್ ಹಾಕಿದರೂ ಏರುತ್ತದೆ. ಹಿಂದಿನ ಒಂದೆರಡು ದಿನಗಳಲ್ಲಿ ವೀರ್ಯ ಹೋಗಿದ್ದರೆ ಅಥವಾ ಬಹಳ ಹೊತ್ತು ಸೈಕಲ್ ತುಳಿದಿದ್ದರೂ ಸ್ವಲ್ಪ ವ್ಯತ್ಯಾಸ ಬರಬಹುದು. ಕ್ಯಾನ್ಸರ್ ಇದ್ದರೂ ಏರುತ್ತದೆ. ಏರಿದ್ದು ಯಾವುದರಿಂದ ಎಂದು ಆ ಸಂಖ್ಯೆ ತಾನಾಗಿ ಹೇಳುವುದಿಲ್ಲ.

ಹುಬ್ಬಳ್ಳಿಯ ಯುರಾಲಜಿಸ್ಟ್, ಅಂದರೆ ಮೂತ್ರಾಂಗಗಳ ತಜ್ಞರು, ಆ ಕಾಗದವನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. ‘ಜ್ವರ ಇದ್ದಾಗ ತೆಗೆದ ಪಿಎಸ್‌ಎಗೆ ಅರ್ಥವಿಲ್ಲ. ಸೋಂಕು ಪೂರ್ತಿ ಹೋಗಲಿ. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಮಾಡಿಸೋಣ’ ಎಂದರು. ಮತ್ತೆ ಮಾಡಿಸಿದಾಗ 6.1 ಬಂತು. ಅರ್ಧದಷ್ಟು ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. 4ರಿಂದ 10ರ ನಡುವೆ ಇದ್ದವರಿಗೆ ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ಪರೀಕ್ಷೆ, ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ, ಮೂವರಿಗೆ ಸಿಗುವುದಿಲ್ಲ. 4ಕ್ಕಿಂತ ಕಡಿಮೆ ಇದ್ದವರೆಲ್ಲ ಸುರಕ್ಷಿತರೇ ಎಂದರೆ ಅದೂ ಇಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಪಿಎಸ್‌ಎ 4 ಅಥವಾ ಅದಕ್ಕಿಂತ ಕಡಿಮೆ ಇದ್ದ ಗಂಡಸರಲ್ಲೂ ಶೇಕಡಾ 15ರಷ್ಟು ಮಂದಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡಿತು. ಈ ಕಡೆ ರೋಗ, ಆ ಕಡೆ ಆರೋಗ್ಯ ಎಂದು 4ರಲ್ಲಿ ಗೆರೆ ಎಳೆಯಲು ಬರುವುದಿಲ್ಲ. ಗಣಿತದವಳಾಗಿ ನನಗೆ ಇದನ್ನು ಒಪ್ಪಿಕೊಳ್ಳಲು ಕೆಲ ದಿನ ಬೇಕಾಯಿತು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಊದಿದ ಪ್ರಾಸ್ಟೇಟ್ ಕುಗ್ಗಿಸಲು ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ಎಂಬ ಗುಳಿಗೆ ಕೊಡುತ್ತಾರೆ. ಆರು ತಿಂಗಳು ಮೇಲ್ಪಟ್ಟು ಅದನ್ನು ನುಂಗುವವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ 3 ಇದ್ದರೆ ಅದನ್ನು 6 ಎಂದೇ ಓದಬೇಕು. ಗುಳಿಗೆಯ ಹೆಸರನ್ನು ಡಾಕ್ಟರಿಗೆ ಹೇಳದೆ ರಿಪೋರ್ಟ್ ಮಾತ್ರ ತೋರಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು. ಯಂತ್ರ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ.

ಹಾಗಾದರೆ ಐವತ್ತು ದಾಟಿದ ಎಲ್ಲ ಗಂಡಸರೂ ಪಿಎಸ್‌ಎ ಮಾಡಿಸಬೇಕೇ? ಈ ಪ್ರಶ್ನೆಗೆ ಜಗತ್ತೇ ಒಂದು ಮಾತಿಗೆ ಬಂದಿಲ್ಲ. 1970ರಲ್ಲಿ ಪ್ರಾಸ್ಟೇಟಿನ ಪ್ರತಿಜನಕ ಎಂಬ ಪ್ರೋಟೀನನ್ನು ಗುರುತಿಸಿದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು, ಈ ಪರೀಕ್ಷೆಯನ್ನು ಕಂಡಕಂಡವರಿಗೆಲ್ಲ ಮಾಡುವುದು ಸಾರ್ವಜನಿಕ ಆರೋಗ್ಯಕ್ಕೆ ದೊಡ್ಡ ಹಾನಿ ಎಂದು ಕಟುವಾಗಿ ಹೇಳಿದರು. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ತಪಾಸಣೆಯೇ ಬೇಡ ಎಂದಿತು. 2018ರಲ್ಲಿ ಅದನ್ನು ತಿದ್ದಿ, 55ರಿಂದ 69 ವರ್ಷದವರು ಲಾಭ-ನಷ್ಟ ತಿಳಿದುಕೊಂಡು ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಯುರೋಪಿನ ಎಂಟು ದೇಶಗಳಲ್ಲಿ ಸುಮಾರು 1.62 ಲಕ್ಷ ಗಂಡಸರನ್ನು ಹಿಂಬಾಲಿಸಿದ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಹೊರಬಂತು. ತಪಾಸಣೆಗೆ ಕರೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇಕಡಾ 13ರಷ್ಟು ಕಡಿಮೆ. ಒಂದು ಸಾವು ತಪ್ಪಿಸಲು 456 ಮಂದಿಯನ್ನು ಕರೆಯಬೇಕಾಯಿತು, 12 ಮಂದಿಗೆ ಹೆಚ್ಚುವರಿಯಾಗಿ ರೋಗ ಪತ್ತೆಯಾಯಿತು. ಆ ಹನ್ನೆರಡರಲ್ಲಿ ಬಹುಪಾಲು ಮಂದಿ ಪತ್ತೆಯಾಗದಿದ್ದರೂ ಬದುಕಿಯೇ ಇರುತ್ತಿದ್ದರು. ಪತ್ತೆಯಾದ ಮೇಲೆ ಅವರಿಗೆ ಆಪರೇಷನ್ ಮಾಡಿ ಹಾಳುಗೆಡವಿದರೆ ತಪ್ಪು ಪರೀಕ್ಷೆಯದಲ್ಲ, ಆಮೇಲಿನ ಅವಸರದ್ದು ಎಂಬುದು ನನ್ನ ಅಭಿಪ್ರಾಯ.

ಆ ಕಡೆಯ ಚಿತ್ರವನ್ನೂ ನಾವು ಕಂಡಿದ್ದೇವೆ. ರೋಣ ತಾಲ್ಲೂಕಿನ ರೈತರೊಬ್ಬರು ವರ್ಷಾನುಗಟ್ಟಲೆ ನಮ್ಮ ಅಂಗಡಿಗೇ ಮಾಲು ತರುತ್ತಿದ್ದರು. ಬೆನ್ನುನೋವು ಎಂದರು. ಎಣ್ಣೆ ತಿಕ್ಕಿಸಿದರು, ಪಟ್ಟು ಹಾಕಿಸಿದರು, ಸೂಜಿ ಮಾಡಿಸಿಕೊಂಡರು. ಚೀಲ ಎತ್ತಿದ್ದರಿಂದ ಬಂದ ನೋವು ಎಂದೇ ಎಲ್ಲರೂ ನಂಬಿದ್ದರು. ಕಾಲಿನ ಶಕ್ತಿ ಹೋಗತೊಡಗಿದಾಗ ದೊಡ್ಡ ಆಸ್ಪತ್ರೆಗೆ ಒಯ್ದರು. ಪ್ರಾಸ್ಟೇಟಿನಿಂದ ಹೊರಟ ರೋಗ ಬೆನ್ನುಮೂಳೆಗೆ ಹರಡಿತ್ತು. ಪಿಎಸ್‌ಎ ನೂರಾರು ಇತ್ತು. ಹಾರ್ಮೋನ್ ತಡೆಯುವ ಚುಚ್ಚುಮದ್ದಿನಿಂದ ಅವರಿಗೆ ನೋವು ಇಳಿಯಿತು, ಕೆಲಕಾಲ ನಡೆದಾಡಿದರು ಕೂಡ, ಆದರೆ ಗುಣವಾಗುವ ಹಂತ ದಾಟಿಹೋಗಿತ್ತು. ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್ ನೋಯುವುದಿಲ್ಲ. ಮೂತ್ರಕ್ಕೂ ತೊಂದರೆ ಕೊಡುವುದು ಅಪರೂಪ. ಮೂತ್ರನಾಳಕ್ಕೆ ಅಂಟಿಕೊಂಡ ಒಳಭಾಗ ಊದಿದಾಗ ಮೂತ್ರ ಕಟ್ಟುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರಭಾಗದಲ್ಲಿ. ಹಾಗಾಗಿ ‘ನನಗೆ ಒಂದಕ್ಕೆ ಸಲೀಸಾಗಿ ಹೋಗುತ್ತದೆ, ನನಗೇನೂ ಇಲ್ಲ’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಮೂತ್ರದ ತೊಂದರೆ ಇದ್ದವರೆಲ್ಲ ಕ್ಯಾನ್ಸರ್ ಎಂದು ನಡುಗಬೇಕಾಗಿಯೂ ಇಲ್ಲ.

ನಮ್ಮ ದೇಶದ ಸರಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳಿಗೆ ಮಾತ್ರ ಇದೆ, ಪ್ರಾಸ್ಟೇಟ್ ಅದರಲ್ಲಿಲ್ಲ. ಎಲ್ಲರಿಗೂ ಪಿಎಸ್‌ಎ ಮಾಡಿ ಬಂದವರಿಗೆಲ್ಲ ಎಂಆರ್‌ಐ, ಬಯಾಪ್ಸಿ, ವರ್ಷಗಟ್ಟಲೆ ನಿಗಾ ಒದಗಿಸುವ ಶಕ್ತಿ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಇಂದು ಇಲ್ಲ, ಆದ್ದರಿಂದ ಆ ನಿರ್ಧಾರವನ್ನು ನಾನು ಅಷ್ಟಾಗಿ ದೂರುವುದಿಲ್ಲ. ಆದರೆ ‘ಪೂರ್ತಿ ಬಾಡಿ ಚೆಕಪ್’ ಎಂಬ ಪ್ಯಾಕೇಜಿನೊಳಗೆ ಹೇಳದೆ ಕೇಳದೆ ಪಿಎಸ್‌ಎ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಆ ಪರೀಕ್ಷೆಗೆ ರಕ್ತ ಕೊಡುವವನಿಗೆ, ಹೆಚ್ಚು ಬಂದರೆ ಮುಂದಿನ ಮೆಟ್ಟಿಲು ಯಾವುದು ಎಂದು ಮೊದಲೇ ತಿಳಿದಿರಬೇಕು.

ನಮಗೆ ಮುಂದಿನ ಮೆಟ್ಟಿಲು ಎಂಆರ್‌ಐ. ಅದಕ್ಕೂ ಮೊದಲು ಡಾಕ್ಟರು ಕೈಗವಸು ಹಾಕಿ ಗುದದ್ವಾರದಿಂದ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡಿದರು. ಅರ್ಧ ನಿಮಿಷದ ಕೆಲಸ. ಈ ಪರೀಕ್ಷೆಯ ನಾಚಿಕೆಗೇ ಡಾಕ್ಟರ ಬಳಿ ಹೋಗದ ಗಂಡಸರು ನಮ್ಮ ಬಳಗದಲ್ಲೇ ಇದ್ದಾರೆ. ಗಟ್ಟಿ ಗಂಟು ಏನೂ ಕೈಗೆ ಸಿಗಲಿಲ್ಲ.

ಹಿಂದೆಲ್ಲ ಪಿಎಸ್‌ಎ ಏರಿದರೆ ನೇರವಾಗಿ ಬಯಾಪ್ಸಿಗೆ ಹೋಗುತ್ತಿದ್ದರು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಾಮಿಸ್ ಎಂಬ ಅಧ್ಯಯನ, ಮೊದಲು ಎಂಆರ್‌ಐ ಮಾಡಿದರೆ ಸುಮಾರು ಕಾಲುಭಾಗ ಗಂಡಸರಿಗೆ ಬಯಾಪ್ಸಿಯೇ ತಪ್ಪಬಹುದು ಎಂದು ತೋರಿಸಿತು. ಬಯಾಪ್ಸಿ ಮಾಡಿದ ಮೇಲೆ ಒಳಗೆ ರಕ್ತ ಒಸರಿ ಚಿತ್ರ ಕಲಸಿಹೋಗುತ್ತದೆ, ಅದಕ್ಕೂ ಎಂಆರ್‌ಐ ಮೊದಲೇ ಆಗಬೇಕು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ, ಪೇಸ್‌ಮೇಕರ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಕಳಿಸಿದರು. ಚಿತ್ರದಲ್ಲಿ ಕಂಡ ಮಚ್ಚೆಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಅದಕ್ಕೆ ಪೈ-ರ‍್ಯಾಡ್ಸ್ ಎನ್ನುತ್ತಾರೆ. 1, 2 ಎಂದರೆ ಕ್ಯಾನ್ಸರಿನ ಸಂಭವ ಕಡಿಮೆ, 3 ಅನುಮಾನದ್ದು, 4, 5 ಎಂದರೆ ತುಣುಕು ತೆಗೆದು ನೋಡಲೇಬೇಕು. ನಮ್ಮವರದು 4. ಮಚ್ಚೆ 9 ಮಿಲಿಮೀಟರ್. ಗ್ರಂಥಿಯ ಒಟ್ಟು ಗಾತ್ರ 48 ಮಿಲಿಲೀಟರ್. ಪಿಎಸ್‌ಎಯನ್ನು ಈ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 6.1ನ್ನು 48ರಿಂದ ಭಾಗಿಸಿದೆ, 0.13 ಹತ್ತಿರ ಬಂತು. 0.15ಕ್ಕಿಂತ ಕಡಿಮೆ ಇದ್ದರೆ ಅಪಾಯಕಾರಿ ರೋಗದ ಸಂಭವ ಕಡಿಮೆ ಎಂದು ಲೆಕ್ಕ ಹಿಡಿಯುತ್ತಾರೆ. ಡಾಕ್ಟರ ಮೇಜಿನ ಮೇಲೆಯೇ ಆ ಭಾಗಾಕಾರ ಮಾಡಿ ತೋರಿಸಿದಾಗ ಅವರು ತಲೆಯಾಡಿಸಿ, ‘ಸರಿ ಇದೆ, ಆದರೂ ತುಣುಕು ಬೇಕು’ ಎಂದರು.

ಬಯಾಪ್ಸಿ ಎಂದಾಗ ನಾನು ಹೆದರಿದೆ, ನಮ್ಮವರು ಹೆದರಲಿಲ್ಲ. ಎಪಿಎಂಸಿಯಲ್ಲಿ ಮಾಲು ನೋಡುವಾಗ ಚೀಲ ಬಿಚ್ಚುವುದಿಲ್ಲ. ಚೂಪಾದ ಕಬ್ಬಿಣದ ಕೊಳವೆಯಿಂದ ಚೀಲಕ್ಕೆ ಚುಚ್ಚಿ, ಕೊಳವೆಯ ಗುಂಟ ಅಂಗೈಗೆ ಇಳಿದ ಕಾಳನ್ನು ನೋಡಿ ದರ ಕಟ್ಟುತ್ತಾರೆ. ‘ಒಂದು ಕಡೆ ಚುಚ್ಚಿದರೆ ಮುಗ್ಗಿದ ಕಾಳು ತಪ್ಪಿಸಿಕೊಳ್ಳುತ್ತದೆ. ನಾಲ್ಕೂ ಮೂಲೆಗೆ ಚುಚ್ಚಬೇಕು, ತೇವ ಕಂಡ ಮೂಲೆಗೆ ಇನ್ನೆರಡು ಸಲ ಚುಚ್ಚಬೇಕು’ ಎಂದು ಡಾಕ್ಟರಿಗೇ ವಿವರಿಸಿದರು. ಡಾಕ್ಟರು ಮಾಡಿದ್ದೂ ಅದನ್ನೇ. ಗ್ರಂಥಿಯ ಎಲ್ಲ ಭಾಗಗಳಿಂದ ಕ್ರಮವಾಗಿ 12 ತುಣುಕು, ಎಂಆರ್‌ಐಯಲ್ಲಿ ಕಂಡ ಮಚ್ಚೆಯಿಂದ ಬೇರೆ ಮೂರು.

ಮೊದಲು ಈ ಸೂಜಿಯನ್ನು ಗುದದ್ವಾರದ ಮೂಲಕ ಹಾಕುವುದೇ ರೂಢಿಯಾಗಿತ್ತು, ಈಗಲೂ ಹಲವೆಡೆ ಹಾಗೆಯೇ ಇದೆ. ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದಿಂದ ಹಾಕಿದರೆ ಸೋಂಕಿನ ಭಯ ಕಡಿಮೆ. ಇವರಿಗೆ ಆ ಎರಡನೆಯ ದಾರಿ ಹಿಡಿದರು. ಆಸ್ಪಿರಿನ್‌ನಂತಹ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಮುಗಿದ ಮೇಲೆ ಒಂದು ಟ್ರೇಯಲ್ಲಿ ಬೆರಳುದ್ದದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದು ಕಂಡೆ. ಒಂದೊಂದರಲ್ಲೂ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರವ, ಅದರೊಳಗೆ ಬಿಳಿ ದಾರದ ಚೂರಿನಂತಹ ತುಣುಕು. ಬಲ ಮೇಲ್ಭಾಗ, ಬಲ ಮಧ್ಯ, ಎಡ ತುದಿ ಎಂದು ಪ್ರತಿಯೊಂದರ ಮೇಲೂ ಚೀಟಿ. ನರ್ಸ್ ಒಬ್ಬರು ಚೀಟಿಯನ್ನೂ ಅರ್ಜಿಯನ್ನೂ ಎರಡೆರಡು ಬಾರಿ ತಾಳೆ ನೋಡುತ್ತಿದ್ದರು. ಆ ತಾಳೆ ತಪ್ಪಿದರೆ ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಅವರ ಆ ಶ್ರದ್ಧೆಯನ್ನು ಕಂಡು ನನಗೆ ಬಂದ ಧೈರ್ಯ ದೊಡ್ಡದು.

ಆಮೇಲೆ ಕೆಲ ದಿನ ಮೂತ್ರದಲ್ಲಿ, ಕೆಲ ವಾರ ವೀರ್ಯದಲ್ಲಿ ರಕ್ತ ಕಾಣಬಹುದು ಎಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ರಾತ್ರಿಯಾಗಿದ್ದರೂ ಬರಬೇಕು ಎಂದಿದ್ದರು. ಎರಡೂ ಆಗಲಿಲ್ಲ.

ರಿಪೋರ್ಟ್: ಎರಡು ತುಣುಕುಗಳಲ್ಲಿ ಕ್ಯಾನ್ಸರ್, ಗ್ಲೀಸನ್ 3+3, ಒಟ್ಟು 6.

ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ರೋಗಶಾಸ್ತ್ರಜ್ಞರು 1960ರ ದಶಕದಲ್ಲಿ ಈ ಪದ್ಧತಿ ರೂಪಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎಂದು ನೋಡಿ ಅಂಕ ಕೊಡುತ್ತಾರೆ. ಹೆಚ್ಚು ಕಂಡ ಮಾದರಿಯ ಅಂಕಕ್ಕೆ ಇನ್ನೊಂದು ಮಾದರಿಯ ಅಂಕ ಕೂಡಿಸುತ್ತಾರೆ. 1, 2 ಅಂಕಗಳು ಬಯಾಪ್ಸಿಯಲ್ಲಿ ಈಗ ಬಳಕೆಯಲ್ಲೇ ಇಲ್ಲ, ಹಾಗಾಗಿ ಕನಿಷ್ಠ ಮೊತ್ತವೇ 6, ಗರಿಷ್ಠ 10. ಇದನ್ನು ತಿಳಿಯದವರು ಹತ್ತಕ್ಕೆ ಆರು ಎಂದು ಓದಿ ಎದೆ ಒಡೆದುಕೊಳ್ಳುತ್ತಾರೆ. ಆರು ಎಂದರೆ ಅತಿ ಕೆಳಗಿನ ದರ್ಜೆ. ಈ ಗೊಂದಲ ತಪ್ಪಿಸಲೆಂದೇ 2014ರಲ್ಲಿ ತಜ್ಞರು ಸೇರಿ 1ರಿಂದ 5ರವರೆಗೆ ಹೊಸ ದರ್ಜೆ ಮಾಡಿದರು. 3+3 ಎಂದರೆ 1ನೇ ದರ್ಜೆ, 3+4 ಎಂದರೆ 2, 4+3 ಎಂದರೆ 3. ಮೊತ್ತ ಏಳೇ ಆದರೂ 3+4ಕ್ಕೂ 4+3ಕ್ಕೂ ವ್ಯತ್ಯಾಸ ಬಹಳ. ಮನೆಯಲ್ಲಿ ಯಾರದಾದರೂ ರಿಪೋರ್ಟ್ ಇದ್ದರೆ ಮೊದಲ ಅಂಕ ಯಾವುದು ಎಂದು ನೋಡಿ.

ಈ ಅಂಕ ಕೊಡುವುದು ಮನುಷ್ಯರ ಕಣ್ಣು. ಒಬ್ಬರು 3+3 ಎಂದಿದ್ದನ್ನು ಇನ್ನೊಬ್ಬರು 3+4 ಎನ್ನಬಹುದು. ರೋಗವನ್ನು ಹಾಗೇ ಬಿಟ್ಟು ನೋಡುವ ನಿರ್ಧಾರ ಪೂರ್ತಿ ಈ ಅಂಕದ ಮೇಲೆ ನಿಂತಿರುವಾಗ ಎರಡನೆಯ ಕಣ್ಣು ಬೇಕೇಬೇಕು ಎಂದು ಯುರಾಲಜಿಸ್ಟ್ ಹೇಳಿದರು. ಲ್ಯಾಬಿನವರು ಸಹಿ ಹಾಕಿಸಿಕೊಂಡು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ಗಾಜಿನ ಸ್ಲೈಡುಗಳು, ಜೊತೆಗೆ ಮೇಣದ ಬ್ಲಾಕುಗಳು: ಚೌಕಾಕಾರದ ಪುಟ್ಟ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಬಿಳಿ ಮೇಣ, ಮೇಣದೊಳಗೆ ಕೂದಲೆಳೆಯಷ್ಟು ದಪ್ಪದ ಮಾಸಲು ಗೆರೆ. ಆ ಗೆರೆಯೇ ಅವರ ದೇಹದ ತುಣುಕು. ಬಿಸಿಲಿಗೆ ಮೇಣ ಕರಗಬಾರದೆಂದು ಕಿಟಕಿಯ ಕಡೆ ಕೂರದೆ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಆಸ್ಪತ್ರೆಯ ರೋಗಶಾಸ್ತ್ರಜ್ಞರಿಗೆ ಮುಟ್ಟಿಸಿದೆ. ಅವರೂ 3+3 ಎಂದೇ ಬರೆದರು.

ಮನೆಯಲ್ಲಿ ನಿಜವಾದ ಗದ್ದಲ ಎದ್ದದ್ದು ಆಮೇಲೆ. ನನ್ನ ಮೈದುನ ಹಾವೇರಿಯಲ್ಲಿದ್ದಾರೆ, ಅಣ್ಣನೆಂದರೆ ಜೀವ. ಬಂದವರೇ, ‘ವೈನಿ, ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೂ ಒಳಗೆ ಇಟ್ಟುಕೊಂಡು ಕೂರುವುದು ಎಂದರೇನು? ದುಡ್ಡು ನಾನು ಹಾಕುತ್ತೇನೆ. ಬೆಂಗಳೂರಿಗೆ ಹೋಗೋಣ, ತೆಗೆಸಿಬಿಡೋಣ’ ಎಂದರು. ಅವರ ಮಾತಿನ ಹಿಂದಿದ್ದ ಪ್ರೀತಿಗೆ ನಾನು ಎಂದೂ ಋಣಿ. ನಮ್ಮ ಕಡೆ ಕ್ಯಾನ್ಸರ್ ಎಂದರೆ ಕಂಡ ತಕ್ಷಣ ಕಿತ್ತೊಗೆಯಬೇಕಾದದ್ದು ಎಂಬುದೇ ನಂಬಿಕೆ, ಬೇರೆ ಹಲವು ಕ್ಯಾನ್ಸರುಗಳಲ್ಲಿ ಅದು ಸರಿಯೂ ಹೌದು. ನಾನು ಅವರ ಮುಂದೆ ಇಟ್ಟದ್ದು ಒಂದು ಅಧ್ಯಯನದ ಅಂಕಿಗಳನ್ನು.

ಬ್ರಿಟನ್ನಿನಲ್ಲಿ 1999ರಿಂದ 2009ರ ನಡುವೆ ಪಿಎಸ್‌ಎ ಮೂಲಕ ರೋಗ ಪತ್ತೆಯಾದ 1,643 ಗಂಡಸರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ನಿಗಾ ಮಾತ್ರ. ಪ್ರೊಟೆಕ್ಟ್ ಎಂಬುದು ಆ ಅಧ್ಯಯನದ ಹೆಸರು. 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ನಿಗಾ ಗುಂಪಿನಲ್ಲಿ ಶೇಕಡಾ 3.1, ಆಪರೇಷನ್ ಗುಂಪಿನಲ್ಲಿ 2.2, ರೇಡಿಯೇಷನ್ ಗುಂಪಿನಲ್ಲಿ 2.9. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ವ್ಯತ್ಯಾಸವೇ ಅಲ್ಲ. ಯಾವ ಗುಂಪಿನಲ್ಲೇ ಇರಲಿ, ನೂರರಲ್ಲಿ 97 ಮಂದಿ ಈ ರೋಗದಿಂದ ಸಾಯಲಿಲ್ಲ. ಇನ್ನೊಂದು ಬದಿಯನ್ನೂ ಮುಚ್ಚಿಡಲಿಲ್ಲ: ದೇಹದ ಬೇರೆ ಕಡೆಗೆ ರೋಗ ಹರಡಿದವರು ನಿಗಾ ಗುಂಪಿನಲ್ಲಿ ಶೇಕಡಾ 9.4, ಉಳಿದೆರಡರಲ್ಲಿ 5ರ ಆಸುಪಾಸು. ನಿಗಾ ಗುಂಪಿನವರಲ್ಲಿ ಶೇಕಡಾ 61ರಷ್ಟು ಮಂದಿ ಆ 15 ವರ್ಷಗಳಲ್ಲಿ ಒಂದಲ್ಲ ಒಂದು ದಿನ ಚಿಕಿತ್ಸೆಗೆ ಹೋದರು. ಅಂದು ಎಂಆರ್‌ಐ ಇಲ್ಲದೆ, ಮುಖ್ಯವಾಗಿ ಪಿಎಸ್‌ಎ ನಂಬಿಕೊಂಡು ಸೇರಿಸಿಕೊಂಡದ್ದರಿಂದ ಅವರಲ್ಲಿ ಮೇಲಿನ ದರ್ಜೆಯ ರೋಗದವರೂ ಇದ್ದರು. ಇವತ್ತಿನ ನಿಗಾ ಅದಕ್ಕಿಂತ ಬಿಗಿ.

ಮೈದುನರು ಬಹಳ ಹೊತ್ತು ಸುಮ್ಮನಿದ್ದು, ‘ತೆಗೆಸಿದರೆ ನಷ್ಟವೇನು?’ ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಹೇಳಲು ಹೆಂಗಸಾದ ನನಗೆ ಸಂಕೋಚವಿತ್ತು; ಆದರೂ ಹೇಳಿದೆ. ಗ್ರಂಥಿಯ ಎರಡೂ ಬದಿಗೆ ನಿಮಿರುವಿಕೆಯ ನರಗಳು ಅಂಟಿಕೊಂಡಿವೆ. ಕೆಳಗೆ ಮೂತ್ರ ಹಿಡಿದಿಡುವ ಸ್ನಾಯು ಇದೆ. ಎಷ್ಟೇ ನುರಿತ ಕೈಯಾದರೂ, ರೋಬೋಟ್ ಬಳಸಿದರೂ, ಇವೆರಡಕ್ಕೂ ಪೆಟ್ಟು ಬೀಳುವ ಸಂಭವ ಇದ್ದೇ ಇದೆ. ಕೆಮ್ಮಿದರೆ ಮೂತ್ರ ಸೋರುವುದು, ಪ್ಯಾಡ್ ಇಟ್ಟುಕೊಂಡು ಅಂಗಡಿಗೆ ಹೋಗುವುದು, ಗಂಡಹೆಂಡಿರ ನಡುವಿನ ಬದುಕು ನಿಂತುಹೋಗುವುದು. ರೇಡಿಯೇಷನ್ ಆದರೆ ಮಲದ್ವಾರದ ತೊಂದರೆಗಳು. ಅಪಾಯದ ರೋಗವಿದ್ದಾಗ ಇವನ್ನೆಲ್ಲ ಒಪ್ಪಿಕೊಂಡು ಚಿಕಿತ್ಸೆ ಮಾಡಿಸಲೇಬೇಕು. ಆಗ ತಡ ಮಾಡುವುದು ದೊಡ್ಡ ತಪ್ಪು. ಬಹುಶಃ ಎಂದೂ ಕಾಡದ ರೋಗಕ್ಕೆ ಈ ಬೆಲೆ ತೆರಬೇಕೇ ಎಂಬುದು ನಮ್ಮ ಮುಂದಿದ್ದ ಪ್ರಶ್ನೆ. 60 ದಾಟಿದ ಗಂಡ ಹೆಂಡತಿಗೆ ಆ ಬದುಕಿನ ಮಾತೇಕೆ ಎಂದು ನಮ್ಮ ಸಮಾಜ ತಾನೇ ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ನಮ್ಮಿಬ್ಬರಿಗೆ ಬಿಟ್ಟದ್ದು.

ಈ ಸಕ್ರಿಯ ನಿಗಾ ಎಂಬ ಕ್ರಮವನ್ನು 1990ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಲಾರೆನ್ಸ್ ಕ್ಲಾಟ್ಸ್ ಮತ್ತು ಸಂಗಡಿಗರು ಶಿಸ್ತಾಗಿ ಶುರು ಮಾಡಿದರು. ಇಂದು ಕೆಳ ದರ್ಜೆಯ ರೋಗಕ್ಕೆ ಜಗತ್ತಿನ ಪ್ರಮುಖ ಮಾರ್ಗಸೂಚಿಗಳೆಲ್ಲ ಮೊದಲು ಹೇಳುವುದು ಇದನ್ನೇ. ಏನೂ ಮಾಡದೆ ಕೂರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮಗೆ ಬರೆದುಕೊಟ್ಟ ಕ್ರಮ ಹೀಗಿದೆ: ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷಕ್ಕೊಮ್ಮೆ ಬೆರಳಿನ ಪರೀಕ್ಷೆ, ಮೊದಲ ವರ್ಷದ ಕೊನೆಗೆ ಮತ್ತೊಂದು ಎಂಆರ್‌ಐ ಮತ್ತು ಬಯಾಪ್ಸಿ, ಆಮೇಲೆ ರೋಗದ ನಡೆ ನೋಡಿ ಕೆಲವು ವರ್ಷಗಳಿಗೊಮ್ಮೆ. ದರ್ಜೆ ಏರಿದರೆ, ಮಚ್ಚೆ ಬೆಳೆದರೆ ಚಿಕಿತ್ಸೆ. ಪಿಎಸ್‌ಎ ಒಂದು ಸಲ ಜಿಗಿದ ಮಾತ್ರಕ್ಕೆ ಯಾರೂ ಚಾಕು ಎತ್ತುವುದಿಲ್ಲ. ಮತ್ತೆ ಮಾಡಿಸಿ, ಎಂಆರ್‌ಐ ನೋಡಿ, ತುಣುಕು ತೆಗೆದು ನಿರ್ಧರಿಸುತ್ತಾರೆ.

ಪ್ರತಿ ಪಿಎಸ್‌ಎಯನ್ನೂ ನಾನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕುತ್ತೇನೆ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಸಂಖ್ಯೆ. ಮೊದಲಿನ 11.8ಕ್ಕೆ ಕೆಂಪು ಶಾಯಿ, ಪಕ್ಕದಲ್ಲಿ ‘ಸೋಂಕು ಇದ್ದಾಗ’ ಎಂಬ ಟಿಪ್ಪಣಿ, ಏಕೆಂದರೆ ಹೊಸ ಡಾಕ್ಟರೊಬ್ಬರು ಆ ಬಿಂದುವಿನಿಂದ ಗೆರೆ ಎಳೆದರೆ ರೋಗ ಇಳಿದುಹೋದಂತೆ ಕಾಣುತ್ತದೆ. ಉಳಿದ ಬಿಂದುಗಳು 5.6ಕ್ಕೂ 6.4ಕ್ಕೂ ನಡುವೆ ಏರಿಳಿಯುತ್ತಿವೆ. 6.4 ಬಂದ ದಿನ ಅವರು ಊಟ ಬಿಟ್ಟು ಎದ್ದರು. ಹಾಳೆ ತಂದು ಮುಂದೆ ಹಾಸಿ, ಗೆರೆ ಸಮತಟ್ಟಾಗಿಯೇ ಇದೆ ಎಂದು ತೋರಿಸಿದ ಮೇಲೆ ತಟ್ಟೆಗೆ ಮರಳಿದರು. ಎರಡನೆಯ ಬಯಾಪ್ಸಿಯಲ್ಲೂ ದರ್ಜೆ ಬದಲಾಗಲಿಲ್ಲ.

ಕಷ್ಟ ಇಲ್ಲ ಎಂದಲ್ಲ. ಪರೀಕ್ಷೆಯ ದಿನ ಹತ್ತಿರ ಬಂದಂತೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಕೆಲವರಿಗೆ ಈ ತಳಮಳವೇ ಸಹಿಸಲಾಗುವುದಿಲ್ಲ. ಅವರು ಚಿಕಿತ್ಸೆ ಆರಿಸಿಕೊಂಡರೆ ಅದು ಅವರ ಹಕ್ಕು, ಹೇಡಿತನವಲ್ಲ. ನನ್ನ ಹೆದರಿಕೆ ಇರುವುದು ಇನ್ನೊಂದು ಬಗೆಯವರ ಬಗ್ಗೆ. ಎರಡು ವರ್ಷ ಸಂಖ್ಯೆ ಸ್ಥಿರವಾಗಿದೆ ಎಂದು ಮೂರನೆಯ ವರ್ಷ ಹುಬ್ಬಳ್ಳಿಗೆ ಹೋಗುವುದನ್ನೇ ಬಿಡುತ್ತಾರೆ, ಅಥವಾ ಯಾರೋ ಕೊಟ್ಟ ಪುಡಿ ನುಂಗಿ ಗುಣವಾಯಿತು ಎಂದು ನಂಬುತ್ತಾರೆ. ಬಿತ್ತನೆ, ಸುಗ್ಗಿ, ಮಗಳ ಮದುವೆ, ನೆಪಕ್ಕೆ ಬರವಿಲ್ಲ. ಹೀಗೆ ಬಿಡುವ ಮನುಷ್ಯನಿಗೆ ನಿಗಾ ಹೇಳುವುದು ಅಪಾಯ. ಯಾರು ತಾರೀಕು ನೆನಪಿಡುತ್ತಾರೆ, ಯಾರು ಜೊತೆಗೆ ಬರುತ್ತಾರೆ ಎಂದು ಕೇಳಿ ತಿಳಿದುಕೊಂಡೇ ನಮ್ಮ ಡಾಕ್ಟರು ಇದಕ್ಕೆ ಒಪ್ಪಿದರು.

ಈ ವಯಸ್ಸಿನ ಗಂಡಸರಿಗೆ ಈ ಬಗೆಯ ಪ್ರಾಸ್ಟೇಟ್ ಕ್ಯಾನ್ಸರಿಗಿಂತ ಹೃದಯವೇ ದೊಡ್ಡ ಶತ್ರು ಎಂದೂ ಅವರು ಹೇಳಿದರು. ತಂಬಾಕು ಬಿಡಿಸಿದರು, ಬಿಪಿ ಗುಳಿಗೆ ತಪ್ಪಿಸಬೇಡಿ ಎಂದರು. ಈಗ ಬೆಳಿಗ್ಗೆ ಭೀಷ್ಮ ಕೆರೆಯ ದಂಡೆಗೆ ನಡೆದು ಬಂದ ಮೇಲೆಯೇ ಅಂಗಡಿ.

ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಈ ರೋಗ ಬಂದಿದ್ದರೆ ಉಳಿದವರಿಗೆ ಬರುವ ಸಂಭವ ಸುಮಾರು ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಅಂಥವರು 45ರಿಂದಲೇ ಡಾಕ್ಟರೊಂದಿಗೆ ಪಿಎಸ್‌ಎ ಬಗ್ಗೆ ಮಾತಾಡಬೇಕು. ಮನೆತನದ ಹೆಂಗಸರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಬೇಕು. ಬಿಆರ್‌ಸಿಎ 2 ಎಂಬ ವಂಶವಾಹಿಯ ದೋಷ ಎರಡಕ್ಕೂ ಕಾರಣವಾಗಬಲ್ಲದು. ನನ್ನ ಇಬ್ಬರು ಗಂಡುಮಕ್ಕಳಿಗೂ ಇದನ್ನು ಫೋನಿನಲ್ಲಿ ಅಲ್ಲ, ಎದುರು ಕೂರಿಸಿಯೇ ಹೇಳಿದ್ದೇನೆ. ಅವರಿಗಿನ್ನೂ ಆ ವಯಸ್ಸಾಗಿಲ್ಲ. ಆದರೆ ಮೈದುನರಿಗೆ ಅರವತ್ತು ದಾಟಿದೆ. ಅಣ್ಣನಿಗೆ ನಾಳೆಯೇ ಆಪರೇಷನ್ ಆಗಲಿ ಎಂದವರು ತಮ್ಮ ಪಿಎಸ್‌ಎ ಮಾತು ಬಂದಾಗ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರದ ಕಡೆ ಮಾತು ತಿರುಗಿಸುತ್ತಿದ್ದರು. ಅಣ್ಣನೇ ಒಂದು ದಿನ, ‘ನೀನು ಬರದಿದ್ದರೆ ನಾನೂ ಮುಂದಿನ ಸಲ ಹೋಗುವುದಿಲ್ಲ’ ಎಂದುಬಿಟ್ಟರು. ಈಗ ಒಪ್ಪಿದ್ದಾರೆ. ಮುಂದಿನ ತಪಾಸಣೆಗೆ ಇಬ್ಬರೂ ಕೂಡಿ ಹುಬ್ಬಳ್ಳಿಗೆ ಹೋಗುವುದೆಂದು ಮಾತಾಗಿದೆ. ಮೊದಲು ಡಾಕ್ಟರ ಮುಂದೆ ಕೂತು ಎಲ್ಲ ಕೇಳಿ ತಿಳಿದುಕೊಳ್ಳುವುದು, ಆಮೇಲೆ ರಕ್ತ ಕೊಡುವುದು. ಆ ಕ್ರಮ ತಪ್ಪಬಾರದು ಎಂದು ನಾನು ಹಟ ಹಿಡಿದಿದ್ದೇನೆ, ಮೈದುನರ ಹೆಂಡತಿಯೂ ನನ್ನ ಕಡೆಗಿದ್ದಾಳೆ.